ಸಾಹೇಬ್ರು ಬಂದೋಬಸ್ತ್‌ನಲ್ಲಿದ್ದಾರೆ: ತುಮಕೂರಿನ ಠಾಣೆಯ ಸಮಯ ಹೋಗುವುದೆಲ್ಲಿಗೆ?

ಬೈಕ್ ಕಳುವಾಗಿ ತುಮಕೂರಿನ ಯಾವುದಾದರೂ ಠಾಣೆಯ ಮೆಟ್ಟಿಲು ಹತ್ತಿದವರಿಗೆ ಈ ಮಾತು ಗೊತ್ತು. 'ಸಾಹೇಬ್ರು ಬಂದೋಬಸ್ತ್‌ನಲ್ಲಿದ್ದಾರೆ, ಸಂಜೆ ಬನ್ನಿ.' ಸಂಜೆ ಹೋದರೆ ಸಾಹೇಬ್ರು ಕೋರ್ಟಿನಿಂದ ಆಗಷ್ಟೇ ಬಂದು ಎಸ್ಪಿ ಆಫೀಸಿನ ಮೀಟಿಂಗಿಗೆ ಹೊರಟಿರುತ್ತಾರೆ. ಮೂರನೇ ಸಲ ಹೋಗುವಷ್ಟರಲ್ಲಿ ನಮಗೂ ಬೇಜಾರು, ಅವರಿಗೂ ಬೇಜಾರು. 'ಸುಮ್ನೆ ಓಡಾಡಿಸ್ತಾರೆ' ಅನ್ನುವ ಮಾತು ಹುಟ್ಟುವುದು ಹೀಗೆ.

ಬೇಕಂತಲೇ ಓಡಾಡಿಸುವವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಎಫ್‌ಐಆರ್ ಮಾಡಿದರೆ ಬಾಕಿ ಕೇಸಿನ ಸಂಖ್ಯೆ ಏರುತ್ತದೆ, ಏರಿದರೆ ಮೇಲಿನವರು ಕೇಳುತ್ತಾರೆ. ಹಾಗಾಗಿ 'ಇನ್ನೊಂದು ಸಲ ಹುಡುಕಿ ನೋಡಿ, ಯಾರಾದ್ರೂ ಗೊತ್ತಿರೋರು ತಗೊಂಡು ಹೋಗಿರಬಹುದು' ಅನ್ನುವ ಸಲಹೆ ಪುಕ್ಕಟೆ ಸಿಗುತ್ತದೆ. ಆದರೆ ಹೆಚ್ಚಿನ ಸಲ ಬಂದೋಬಸ್ತ್ ಅನ್ನುವುದು ನೆಪವಲ್ಲ, ನಿಜ.

ಇದಕ್ಕೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಕಾರಣ 'ಸಿಬ್ಬಂದಿ ಕಮ್ಮಿ' ಎಂಬುದು. ಹೌದು, ಕಮ್ಮಿ ಇದ್ದಾರೆ. ಆದರೆ ಅದು ಅರ್ಧ ಉತ್ತರ. ಇರುವ ಸಿಬ್ಬಂದಿಯ ಸಮಯವೂ ಠಾಣೆಯ ಕೈಯಲ್ಲಿಲ್ಲ. ಅದನ್ನು ಬೇರೆ ಬೇರೆಯವರು ಎಳೆದುಕೊಂಡು ಹೋಗುತ್ತಾರೆ. ಉಳಿದ ಚೂರುಪಾರಿನಲ್ಲಿ ನಿಮ್ಮ ಬೈಕನ್ನು ಹುಡುಕಬೇಕು.

ಹಾಜರಿ ಪುಸ್ತಕ ಹೇಳುವ ಕಥೆ

ತುಮಕೂರು ನಗರದಲ್ಲಿ ಟೌನ್, ತಿಲಕ್ ಪಾರ್ಕ್, ಹೊಸ ಬಡಾವಣೆ, ಜಯನಗರ, ಕ್ಯಾತ್ಸಂದ್ರ ಠಾಣೆಗಳಿವೆ. ಇವುಗಳ ಜೊತೆಗೆ ಮಹಿಳಾ ಠಾಣೆ, ಸಂಚಾರ ಠಾಣೆ, ಸೈಬರ್ ಮತ್ತು ಮಾದಕ ವಸ್ತು ಕೇಸು ನೋಡುವ ಸೆನ್ ಠಾಣೆ ಇವೆ. ಯಾವುದೋ ಒಂದು ಠಾಣೆಯಲ್ಲಿ 40 ಜನ ಇದ್ದಾರೆ ಅಂದುಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ಸಂಖ್ಯೆ ಅಷ್ಟೇ.

ಬೆಳಗ್ಗೆ ರೋಲ್ ಕಾಲ್. ಸಾಲಾಗಿ ನಿಲ್ಲುತ್ತಾರೆ, ಹೆಸರು ಕೂಗುತ್ತಾರೆ, ಡ್ಯೂಟಿ ಹಂಚುತ್ತಾರೆ. ರಾತ್ರಿ ಬೀಟ್ ಮುಗಿಸಿದವರು ಮನೆಗೆ ಹೋಗಿರುತ್ತಾರೆ, ಅವರನ್ನು ಬಿಡಿ. ಒಬ್ಬರು ಸೆಂಟ್ರಿ. ಒಬ್ಬರು ರೈಟರ್, ಅಂದರೆ ಠಾಣಾ ಬರಹಗಾರರು. ಅವರಿಲ್ಲದೆ ಠಾಣೆಯ ಒಂದು ಕಾಗದವೂ ಅಲ್ಲಾಡುವುದಿಲ್ಲ. ಅವರಿಗೊಬ್ಬ ಸಹಾಯಕ. ಒಬ್ಬರು ಕಂಪ್ಯೂಟರ್ ಮುಂದೆ, ಪೊಲೀಸ್ ಐಟಿ ತಂತ್ರಾಂಶಕ್ಕೆ ಎಫ್‌ಐಆರ್‌ನಿಂದ ಹಿಡಿದು ಆಸ್ತಿ ವಿವರದವರೆಗೆ ತುಂಬುತ್ತಾ. ಒಬ್ಬರು ಕೋರ್ಟ್ ಪಿಸಿ, ಅಂದರೆ ಕೋರ್ಟಿನ ಕೆಲಸ ನೋಡುವ ಕಾನ್ಸ್‌ಟೆಬಲ್, ಬೆಳಗ್ಗೆ ಹೋದರೆ ಸಂಜೆಗೇ ವಾಪಸ್. ಸಮನ್ಸ್, ವಾರೆಂಟ್ ಹಿಡಿದುಕೊಂಡು ಇಬ್ಬರು ಮೂವರು ಊರೂರು ಅಲೆಯುತ್ತಾರೆ. ಆ ಊರು ಪಾವಗಡವೂ ಆಗಬಹುದು, ಬೆಂಗಳೂರಿನ ಪೀಣ್ಯವೂ ಆಗಬಹುದು. ಒಬ್ಬರು ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ. ಒಬ್ಬರು ಎಸ್‌ಬಿ ಡ್ಯೂಟಿ, ಅಂದರೆ ಎಲ್ಲಿ ಪ್ರತಿಭಟನೆ, ಯಾರ ಮೀಟಿಂಗ್, ಎಷ್ಟು ಜನ ಅಂತ ಮೇಲಕ್ಕೆ ವರದಿ ಕಳಿಸುವವರು. ಆರೋಪಿಯನ್ನು ವೈದ್ಯಕೀಯ ಪರೀಕ್ಷೆಗೆ ಕರೆದೊಯ್ಯಲು ಇಬ್ಬರು. ಆರೋಪಿ ಹೆಣ್ಣುಮಗಳಾದರೆ ಮಹಿಳಾ ಸಿಬ್ಬಂದಿ ಇರಲೇಬೇಕು. ವಾರದ ರಜೆ ಕೆಲವರಿಗೆ. ತರಬೇತಿ, ಓಓಡಿ (ಬೇರೆ ಕಚೇರಿಯ ಡ್ಯೂಟಿ) ಅಂತ ಬೇರೆ ಕಡೆ ಹೋದವರು ಕೆಲವರು.

ಇಷ್ಟೆಲ್ಲ ಕಳೆದ ಮೇಲೆ ಬೀಟ್‌ಗೆ, ತನಿಖೆಗೆ ಅಂತ ಉಳಿಯುವವರು ಎಷ್ಟು ಅಂತ ನೀವೇ ಎಣಿಸಿ. ಬಂದೋಬಸ್ತ್ ಅನ್ನುವುದು ಶುರುವಾಗುವುದು ಇದಾದ ಮೇಲೆ. ಅದು ಕೈಹಾಕುವುದು ಈ ಉಳಿದವರ ಮೇಲೇ.

ಬೀಟ್ ವ್ಯವಸ್ಥೆಯನ್ನೇ ನೋಡಿ. 2017ರಲ್ಲಿ ರಾಜ್ಯದಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ತಂದರು. ಒಂದೊಂದು ಏರಿಯಾಕ್ಕೆ ಒಬ್ಬೊಬ್ಬ ಕಾನ್ಸ್‌ಟೆಬಲ್ ಅಥವಾ ಹೆಡ್ ಕಾನ್ಸ್‌ಟೆಬಲ್ ಹೊಣೆ. ಆ ಏರಿಯಾದ ರೌಡಿ ಯಾರು, ಒಂಟಿ ವೃದ್ಧರ ಮನೆ ಯಾವುದು, ಹೊಸದಾಗಿ ಬಾಡಿಗೆಗೆ ಬಂದವರು ಯಾರು ಅಂತ ಅವರಿಗೆ ಗೊತ್ತಿರಬೇಕು. 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಅಂತ ಇನ್ನೊಂದು ಕಾರ್ಯಕ್ರಮ ಬಂತು. ಎರಡೂ ಒಳ್ಳೆಯ ಯೋಚನೆಗಳೇ. ಆದರೆ ಬೀಟ್‌ನ ಜನ ತನ್ನನ್ನು ಗುರುತು ಹಿಡಿಯಬೇಕಾದರೆ ಕಾನ್ಸ್‌ಟೆಬಲ್ ಆ ಬೀದಿಯಲ್ಲಿ ಕಾಣಿಸಬೇಕು. ಶೆಟ್ಟಿಹಳ್ಳಿಯ ಬೀಟ್‌ನವರು ವಾರದಲ್ಲಿ ಮೂರು ದಿನ ಟೌನ್‌ಹಾಲ್ ಸರ್ಕಲ್‌ನಲ್ಲಿ ನಿಂತಿದ್ದರೆ ಶೆಟ್ಟಿಹಳ್ಳಿಯವರಿಗೆ ಅವರ ಗುರುತು ಹೇಗೆ ಸಿಗುತ್ತದೆ?

ಹೆದ್ದಾರಿ ಪಕ್ಕದ ಊರಿನ ಪಾಡು

ತುಮಕೂರಿನ ಬಂದೋಬಸ್ತ್ ಬೇರೆ ಜಿಲ್ಲಾ ಕೇಂದ್ರಗಳಂತಲ್ಲ. ಬೆಂಗಳೂರಿನಿಂದ 70 ಕಿ.ಮೀ. ದೂರ. ಬೆಂಗಳೂರಿನಿಂದ ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ ಕಡೆಗೆ ರಸ್ತೆಯಲ್ಲಿ ಹೋಗುವ ಯಾವ ಗಣ್ಯರೂ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಮ್ಮ ಊರಿನ ಪಕ್ಕದಲ್ಲೇ ಹಾದು ಹೋಗಬೇಕು. ಅವರು ತುಮಕೂರಿನಲ್ಲಿ ಇಳಿಯದೇ ಇರಬಹುದು, ಕಾರಿನ ಗಾಜೂ ಇಳಿಸದೇ ಇರಬಹುದು. ಆದರೂ ಕ್ಯಾತ್ಸಂದ್ರದಿಂದ ಹಿಡಿದು ದಾರಿಯ ಪ್ರತಿ ಜಂಕ್ಷನ್‌ನಲ್ಲಿ ಒಬ್ಬರು ನಿಂತಿರಬೇಕು. ಕಾನ್‌ವಾಯ್ ದಾಟುವುದು ಒಂದೆರಡು ನಿಮಿಷದ ಕೆಲಸ. ನಿಲ್ಲುವುದು ಮಾತ್ರ ಅರ್ಧ ದಿನ. ಯಾಕೆಂದರೆ ಹೊರಡುವ ಹೊತ್ತು ಯಾವತ್ತೂ ಹೇಳಿದ ಹೊತ್ತಲ್ಲ.

ಅದರ ಮೇಲೆ ಇಲ್ಲಿನ ರಾಜಕೀಯ. 2023ರಲ್ಲಿ ಮತ್ತೆ ಗೃಹ ಸಚಿವರಾದ ಜಿ. ಪರಮೇಶ್ವರ ಈ ಜಿಲ್ಲೆಯ ಕೊರಟಗೆರೆಯ ಶಾಸಕರು. 2024ರಲ್ಲಿ ತುಮಕೂರಿನಿಂದ ಗೆದ್ದ ವಿ. ಸೋಮಣ್ಣ ಕೇಂದ್ರ ಸಚಿವರಾದರು. ಗೃಹ ಸಚಿವರ ಜಿಲ್ಲೆ ಅಂದರೆ ಪೊಲೀಸರಿಗೆ ಸೌಲಭ್ಯ ಜಾಸ್ತಿ ಸಿಗುತ್ತದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಕಟ್ಟಡ, ವಾಹನ ಸಿಗಬಹುದೇನೋ. ಕಾರ್ಯಕ್ರಮಗಳಂತೂ ಸಿಕ್ಕೇ ಸಿಗುತ್ತವೆ.

ಇನ್ನು ಊರಿನದ್ದೇ ಪಟ್ಟಿ ಇದೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆ, ದನಗಳ ಜಾತ್ರೆ. ಗಣಪತಿ ವಿಸರ್ಜನೆ, ಅದು ಒಂದು ದಿನದ್ದಲ್ಲ, ವಾರಗಟ್ಟಲೆ. ದಸರಾ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಕಾವಲು. ಡಿಸಿ ಕಚೇರಿ ಮುಂದೆ ರೈತ ಸಂಘದ ಧರಣಿ, ಅಂಗನವಾಡಿ ಕಾರ್ಯಕರ್ತೆಯರ ಧರಣಿ. ಚುನಾವಣೆ ಬಂದರೆ ಎರಡು ತಿಂಗಳು ಬೇರೆ ಮಾತೇ ಇಲ್ಲ. ಇಷ್ಟು ಸಾಲದು ಅಂತ ಮೈಸೂರು ದಸರಾಕ್ಕೆ, ಬೆಳಗಾವಿಯ ಅಧಿವೇಶನಕ್ಕೆ ಬೇರೆ ಜಿಲ್ಲೆಗಳಿಂದಲೂ ಸಿಬ್ಬಂದಿ ಕರೆಸುತ್ತಾರೆ. ಬ್ಯಾಗಿನಲ್ಲಿ ಎರಡು ಜೊತೆ ಸಮವಸ್ತ್ರ, ಚಾರ್ಜರ್, ಹೊದಿಕೆ ತುಂಬಿಕೊಂಡು ಹೊರಟರೆ ಉಳಿದುಕೊಳ್ಳುವುದು ಯಾವುದೋ ಕಲ್ಯಾಣ ಮಂಟಪ ಅಥವಾ ಶಾಲೆಯ ಕೊಠಡಿಯಲ್ಲಿ. ಕೈಯಲ್ಲಿದ್ದ ಕೇಸಿನ ಕಡತ ಠಾಣೆಯ ಬೀರುವಿನಲ್ಲಿ.

ಕೆಲವು ಬಂದೋಬಸ್ತ್‌ಗಳು ನಿಜವಾಗಿ ಬೇಕಾದವು, ಅದನ್ನೂ ಹೇಳಬೇಕು. 2019ರ ಜನವರಿ 21ರಂದು ಡಾ. ಶಿವಕುಮಾರ ಸ್ವಾಮೀಜಿ ಶಿವೈಕ್ಯರಾದಾಗ ಲಕ್ಷಾಂತರ ಜನ ಸಿದ್ಧಗಂಗೆಗೆ ಬಂದರು. ಅಷ್ಟು ಜನ ಸಾಲಿನಲ್ಲಿ ನಿಂತು ದರ್ಶನ ಮಾಡಿ, ಊಟ ಮಾಡಿ ವಾಪಸ್ ಹೋದರು. ಅದರ ಹಿಂದೆ ನಿದ್ದೆಗೆಟ್ಟು ನಿಂತವರ ಕೆಲಸ ಇತ್ತು. ಅದಕ್ಕೆ ತದ್ವಿರುದ್ಧವಾದದ್ದು 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನಡೆಯಿತು. ಕಾಲ್ತುಳಿತದಲ್ಲಿ 11 ಜನ ಸತ್ತರು. ಮರುದಿನವೇ ನಗರ ಪೊಲೀಸ್ ಆಯುಕ್ತರೂ ಸೇರಿ ಹಲವರ ಅಮಾನತು ಆಯಿತು. ಅಂಥದ್ದನ್ನು ನೋಡಿದ ಮೇಲೆ ಯಾವ ಅಧಿಕಾರಿಯಾದರೂ 50 ಜನ ಸಾಕಾಗುವ ಕಡೆ 100 ಜನರನ್ನು ನಿಲ್ಲಿಸುತ್ತಾರೆ. ಕಳ್ಳತನದ ಕೇಸು ಪತ್ತೆಯಾಗಲಿಲ್ಲ ಅಂತ ಯಾರೂ ಅಮಾನತಾಗುವುದು ಅಪರೂಪ. ಬಂದೋಬಸ್ತ್ ಕೆಟ್ಟರೆ ಅವತ್ತು ಸಂಜೆಯೇ ಆಗುತ್ತಾರೆ. ಯಾವುದಕ್ಕೆ ಮೊದಲು ಜನ ಕಳಿಸುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ವಿವರಣೆ ಬೇಡ ಅಲ್ವಾ?

ಮಹಿಳಾ ಸಿಬ್ಬಂದಿಯ ಪಾಡು ಇನ್ನೊಂದು ಥರ. ಹೆದ್ದಾರಿ ಜಂಕ್ಷನ್‌ನಲ್ಲಿ ಆರು ಗಂಟೆ ನಿಲ್ಲುವ ಹೆಣ್ಣುಮಗಳಿಗೆ ಶೌಚಾಲಯ ಎಲ್ಲಿದೆ? ಬಹಳ ಮಂದಿ ಮಾಡುವ ಉಪಾಯ ಒಂದೇ, ಬೆಳಗ್ಗೆಯಿಂದ ನೀರು ಕುಡಿಯದೇ ಇರುವುದು. ಡ್ಯೂಟಿ ಚೀಟಿಯಲ್ಲಿ ಜಾಗದ ಹೆಸರು, ಹೊತ್ತು ಇರುತ್ತದೆ. ಇದಕ್ಕೆ ಕಾಲಂ ಇರುವುದಿಲ್ಲ.

ಒಂದು ಅಪಘಾತ, ಎರಡು ದಿನ

ಸಮಯ ಹೇಗೆ ಕರಗುತ್ತದೆ ಅಂತ ಹತ್ತಿರದಿಂದ ನೋಡಲು ಒಂದು ಮಾಮೂಲಿ ಕೇಸು ತೆಗೆದುಕೊಳ್ಳೋಣ. ಕೊಲೆ, ದರೋಡೆ ಬೇಡ. ರಾತ್ರಿ ಎರಡು ಗಂಟೆಗೆ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಬೈಕ್ ಗುದ್ದಿ ಸವಾರ ಸತ್ತಿದ್ದಾನೆ ಅಂತ 112ಕ್ಕೆ ಕರೆ ಬಂತು.

ಮೊದಲು ಹೋಗುವುದು 112 ವಾಹನ. ಗಾಯಾಳು ಬದುಕಿದ್ದರೆ ಆಂಬುಲೆನ್ಸ್, ಇಲ್ಲವಾದರೆ ಶವ ಜಿಲ್ಲಾಸ್ಪತ್ರೆಯ ಶವಾಗಾರಕ್ಕೆ. ಜೊತೆಗೆ ಒಬ್ಬ ಕಾನ್ಸ್‌ಟೆಬಲ್ ಹೋಗಬೇಕು. ಇನ್ನೊಬ್ಬ ರಸ್ತೆ ಮೇಲೆ ನಿಂತು ಬರುವ ವಾಹನಗಳನ್ನು ತಿರುಗಿಸಬೇಕು. ಕತ್ತಲಲ್ಲಿ, ಹೆದ್ದಾರಿಯಲ್ಲಿ ಹಾಗೆ ನಿಲ್ಲುವುದೇ ಒಂದು ಅಪಾಯ. ಕ್ರೇನ್ ತರಿಸಿ ಲಾರಿಯನ್ನು ಬದಿಗೆ ಹಾಕಿಸಬೇಕು. ಸತ್ತವನ ಜೇಬಿನ ಮೊಬೈಲ್ ಲಾಕ್ ಆಗಿದೆ. ಅದಕ್ಕೆ ಕರೆ ಬರುವವರೆಗೆ ಕಾಯಬೇಕು. ಬಂದ ಕರೆ ಎತ್ತಿ 'ನೀವು ಯಾರಮ್ಮ ಮಾತಾಡೋದು, ಮನೇಲಿ ಗಂಡಸರು ಯಾರಾದ್ರೂ ಇದ್ದಾರಾ' ಅಂತ ಕೇಳುವ ಕೆಲಸವೂ ಅದೇ ಕಾನ್ಸ್‌ಟೆಬಲ್‌ದು. ಇದನ್ನು ಯಾವ ತರಬೇತಿ ಶಾಲೆಯೂ ಕಲಿಸಿಕೊಡುವುದಿಲ್ಲ ಅಂತ ಪರಿಚಯದ ಒಬ್ಬ ಹೆಡ್ ಕಾನ್ಸ್‌ಟೆಬಲ್ ಹೇಳಿದ್ದರು. 'ಮೊದಲ ಸಲ ಆ ಫೋನ್ ಮಾಡಿದಾಗ ಸತ್ತಿದ್ದಾರೆ ಅನ್ನೋಕೆ ಬಾಯೇ ಬರಲಿಲ್ಲ, ಸೀರಿಯಸ್ ಇದ್ದಾರೆ ಬನ್ನಿ ಅಂದೆ. ಈಗಲೂ ಹಾಗೇ ಅಂತೀನಿ' ಅಂದರು.

ಮನೆಯವರು ದಾವಣಗೆರೆಯಿಂದಲೋ ಹಾಸನದಿಂದಲೋ ಬರುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಅವರಿಂದ ದೂರು ಬರೆಸಿಕೊಳ್ಳಬೇಕು. ಎಫ್‌ಐಆರ್. ಶವದ ಪಂಚನಾಮೆ, ಮರಣೋತ್ತರ ಪರೀಕ್ಷೆಗೆ ಕೋರಿಕೆ, ಪರೀಕ್ಷೆ ಮುಗಿಯುವವರೆಗೆ ಶವಾಗಾರದ ಮುಂದೆ ಕಾಯುವುದು, ಶವ ಹಸ್ತಾಂತರಕ್ಕೆ ಸಹಿ. ಆಮೇಲೆ ಸ್ಥಳ ಮಹಜರು. ಅದಕ್ಕೆ ಇಬ್ಬರು ಪಂಚರು, ಅಂದರೆ ಸಾಕ್ಷಿಗಳು ಬೇಕು. ಕೋರ್ಟಿಗೆ ಅಲೆಯಬೇಕಾಗುತ್ತದೆ ಅಂತ ಯಾರೂ ಮುಂದೆ ಬರುವುದಿಲ್ಲ, ಹಾಗಾಗಿ ಹತ್ತಿರದ ಟೀ ಅಂಗಡಿಯವರನ್ನು ಕಾಡಿ ಬೇಡಿ ಕರೆತರಬೇಕು. ಸ್ಥಳದ ನಕ್ಷೆ. ವಾಹನಗಳ ತಪಾಸಣೆಗೆ ಮೋಟಾರು ವಾಹನ ನಿರೀಕ್ಷಕರಿಗೆ ಪತ್ರ. ಲಾರಿ ಚಾಲಕನ ಲೈಸೆನ್ಸ್, ವಿಮೆ, ಪರ್ಮಿಟ್‌ನ ಪ್ರತಿ.

ಇಷ್ಟಕ್ಕೇ ಮುಗಿಯುವುದಿಲ್ಲ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದ ಪ್ರಕಾರ ಅಪಘಾತವಾದ 48 ಗಂಟೆಯೊಳಗೆ ಮೊದಲ ವರದಿ, 90 ದಿನದೊಳಗೆ ವಿವರವಾದ ವರದಿ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಸತ್ತವರ ಕುಟುಂಬಕ್ಕೆ ಪರಿಹಾರ ಬೇಗ ಸಿಗಲಿ ಅಂತ ಮಾಡಿದ ನಿಯಮ. ಒಳ್ಳೆಯದೇ. ಅದನ್ನು ತುಂಬುವ ಕೈ ಮಾತ್ರ ಹಳೆಯದೇ.

ಮಧ್ಯಾಹ್ನ ಮೂರಕ್ಕೆ ಮನೆಗೆ ಹೋಗಿ ಮಲಗೋಣ ಅನ್ನುವಷ್ಟರಲ್ಲಿ ಸಂಜೆ ಐದಕ್ಕೆ ಜೂನಿಯರ್ ಕಾಲೇಜು ಮೈದಾನದಲ್ಲಿ ಬಂದೋಬಸ್ತ್ ಅಂತ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮೆಸೇಜ್.

ಹೊಸ ಕಾನೂನು, ಹಳೇ ಕೈಗಳು

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದವು. 1860ರ ದಂಡ ಸಂಹಿತೆ ಹೋಯಿತು. 25 ವರ್ಷ ಸೇವೆ ಮಾಡಿದ ಎಎಸ್‌ಐಗೆ ಕೊಲೆ ಅಂದರೆ 302, ಮೋಸ ಅಂದರೆ 420 ಅಂತ ಬಾಯಿಗೆ ಬರುತ್ತಿತ್ತು. ಈಗ ಕೊಲೆ 103, ಮೋಸ 318. ಕಲಂಗಳನ್ನು ಕಲಿಯುವುದು ಕಷ್ಟವಲ್ಲ, ಆರು ತಿಂಗಳಲ್ಲಿ ರೂಢಿಯಾಗುತ್ತದೆ. 2024ರ ಜುಲೈಗೆ ಮೊದಲು ನಡೆದ ಅಪರಾಧಗಳಿಗೆ ಹಳೇ ದಂಡ ಸಂಹಿತೆಯೇ ಅನ್ವಯ. ಆದ್ದರಿಂದ ಇನ್ನೂ ಬಹಳ ವರ್ಷ ಎರಡೂ ತಲೆಯಲ್ಲಿರಬೇಕು, ಅದು ಬೇರೆ ಮಾತು.

ನಿಜವಾದ ಬದಲಾವಣೆ ಕೆಲಸದ ವಿಧಾನದಲ್ಲಿದೆ. ಶೋಧ, ಜಪ್ತಿ ಮಾಡುವಾಗ ವಿಡಿಯೋ ಕಡ್ಡಾಯ. ಏಳು ವರ್ಷ ಅಥವಾ ಅದಕ್ಕೂ ಜಾಸ್ತಿ ಶಿಕ್ಷೆಯಾಗಬಹುದಾದ ಅಪರಾಧದಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇದಕ್ಕೆ ರಾಜ್ಯಗಳಿಗೆ ಐದು ವರ್ಷದವರೆಗೆ ಕಾಲಾವಕಾಶ ಕೊಟ್ಟಿದ್ದಾರೆ. ದೂರನ್ನು ಇಮೇಲ್‌ನಲ್ಲೂ ಕೊಡಬಹುದು, ಮೂರು ದಿನದೊಳಗೆ ಬಂದು ಸಹಿ ಹಾಕಬೇಕು. ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ 90 ದಿನದೊಳಗೆ ತಿಳಿಸಬೇಕು. ಎಫ್‌ಐಆರ್ ಪ್ರತಿ ಉಚಿತ. ಇವೆಲ್ಲ ನಮ್ಮ ಪರವಾಗಿರುವ ನಿಯಮಗಳು, ತಿಳಿದುಕೊಂಡು ಕೇಳಿ. ಆದರೆ ಒಂದು ಜಪ್ತಿಗೆ ಮೊದಲು ಇಬ್ಬರು ಸಾಕಾಗಿದ್ದ ಕಡೆ ಈಗ ಮೊಬೈಲ್ ಹಿಡಿಯಲು ಮೂರನೆಯವರೊಬ್ಬರು ಬೇಕು.

ಸೈಬರ್ ಕೇಸುಗಳಲ್ಲಿ ಇನ್ನೊಂದು ಗಂಟಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಂ ಪ್ರಕಾರ ಆ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರೇ ತನಿಖೆ ಮಾಡಬೇಕು. ಪಿಎಸ್‌ಐ ಎಷ್ಟೇ ಚುರುಕಿದ್ದರೂ, ಎಂಜಿನಿಯರಿಂಗ್ ಓದಿ ಬಂದಿದ್ದರೂ ಆ ತನಿಖೆ ಅವರದ್ದಲ್ಲ. ಎಲ್ಲ ಕಡತ ಒಂದೇ ಮೇಜಿಗೆ ಬಂದು ಬೀಳುತ್ತದೆ. ದುಡ್ಡು ಹೋದ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಂತ ಪದೇ ಪದೇ ಹೇಳುವುದು ಇದಕ್ಕೇ. ಮೊದಲ ಒಂದೆರಡು ಗಂಟೆಯಲ್ಲಿ ಖಾತೆ ತಡೆ ಹಿಡಿದರೆ ದುಡ್ಡು ಉಳಿಯಬಹುದು, ತನಿಖೆಯ ಸರದಿ ಬರುವವರೆಗೆ ಅದು ಕಾಯುವುದಿಲ್ಲ. ಕಳೆದ ಮೊಬೈಲ್‌ಗಳದ್ದು ಇದಕ್ಕೆ ವಿರುದ್ಧ ಕಥೆ. ಕಳೆದ ಮೊಬೈಲ್‌ಗಳಿಗಾಗಿಯೇ ಇರುವ ಸಿಇಐಆರ್ ಪೋರ್ಟಲ್‌ನಲ್ಲಿ ನೋಂದಾಯಿಸಿದರೆ ಬೇರೆ ಸಿಮ್ ಹಾಕಿದ ಕೂಡಲೇ ಸುಳಿವು ಸಿಗುತ್ತದೆ. ನೂರಾರು ಮೊಬೈಲ್ ಸಾಲಾಗಿ ಜೋಡಿಸಿ ವಾರಸುದಾರರಿಗೆ ಕೊಡುವ ಫೋಟೋಗಳು ಪತ್ರಿಕೆಯಲ್ಲಿ ಬರುತ್ತವಲ್ಲ, ಆ ಕೆಲಸ ನಡೆಯುವುದಕ್ಕೆ ಕಾರಣ ಇಷ್ಟೇ: ಅದಕ್ಕೆ ಕಾಲು ಸವೆಸುವ ಕೆಲಸ ಕಡಿಮೆ.

ಯಾವ ಬಾಗಿಲಿನಿಂದ ಒಳಗೆ ಹೋದಿರಿ

ಬೆಳಗಿನ ಜಾವ ಮಹಾತ್ಮ ಗಾಂಧಿ ಕ್ರೀಡಾಂಗಣದ ಕಡೆ ಹೋದರೆ ಓಡುವ ಹುಡುಗರು ಸಿಗುತ್ತಾರೆ. ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ಬಂದು ರೂಮ್ ಮಾಡಿಕೊಂಡವರು. ಸಿವಿಲ್ ಕಾನ್ಸ್‌ಟೆಬಲ್ ಆಗಲು 1600 ಮೀಟರ್ ಓಟವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, 168 ಸೆಂ.ಮೀ. ಎತ್ತರ ಇರಬೇಕು. ಹುಡುಗಿಯರಿಗೆ 400 ಮೀಟರ್, ಎರಡು ನಿಮಿಷ. ಓದು ಪಿಯುಸಿ ಸಾಕು ಅಂತ ನಿಯಮ. ಓಡುವವರಲ್ಲಿ ಬಹಳಷ್ಟು ಮಂದಿ ಪದವಿ ಮುಗಿಸಿದವರು, ಕೆಲವರು ಎಂಎ ಮಾಡಿದವರು.

ಅವರಿಗೆಲ್ಲ ಪಿಎಸ್‌ಐ ಆಗುವ ಆಸೆಯೇ. ಆ ಬಾಗಿಲು ಹೇಗೆ ಮುಚ್ಚಿಕೊಂಡಿತ್ತು ಅಂತ ನೆನಪಿರಬೇಕು. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಬ್ಲೂಟೂತ್, ಒಎಂಆರ್ ಹಾಳೆ ತಿದ್ದುವ ದಂಧೆ ಹೊರಬಂತು. 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಆ ವರ್ಷದ ಜುಲೈನಲ್ಲಿ ಬಂಧನವಾದರು. ಮರುಪರೀಕ್ಷೆ ಆದದ್ದು 2024ರ ಜನವರಿ 23ಕ್ಕೆ. ಪ್ರಾಮಾಣಿಕವಾಗಿ ಓದಿದ ಹುಡುಗರ ವಯಸ್ಸು ಕಳೆದುಹೋಯಿತು, ಅದು ಒಂದು ಕಡೆ. ಇನ್ನೊಂದು ಕಡೆ, ಅಷ್ಟು ವರ್ಷ ಆ ಕುರ್ಚಿಗಳ ಕೆಲಸವನ್ನು ಇದ್ದವರೇ ಹಂಚಿಕೊಂಡರು. ಆಮೇಲೆ 2024ರ ಅಕ್ಟೋಬರ್ ಕೊನೆಯಲ್ಲಿ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ಸರ್ಕಾರ ನಿಲ್ಲಿಸಿತು. ಆ ತೀರ್ಮಾನ ಬಂದಾಗ 2025ರ ಆಗಸ್ಟ್. ಒಳಮೀಸಲಾತಿ ನ್ಯಾಯದ ಪ್ರಶ್ನೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಕಾದದ್ದು ಮಾತ್ರ ಮೈದಾನದಲ್ಲಿ ಓಡುತ್ತಿದ್ದ ಹುಡುಗರು ಮತ್ತು ಖಾಲಿ ಕುರ್ಚಿ ಇಟ್ಟುಕೊಂಡ ಠಾಣೆಗಳು.

ಕಾನ್ಸ್‌ಟೆಬಲ್ ಆಗಿ ಸೇರಿದವರ ಏಣಿ ಚಿಕ್ಕದು. ಹೆಡ್ ಕಾನ್ಸ್‌ಟೆಬಲ್, ಎಎಸ್‌ಐ, ಅದೃಷ್ಟ ಇದ್ದರೆ ಪಿಎಸ್‌ಐ. 22ಕ್ಕೆ ಸೇರಿದರೆ 60ಕ್ಕೆ ನಿವೃತ್ತಿ. 38 ವರ್ಷದಲ್ಲಿ ಮೂರು ಮೆಟ್ಟಿಲು. ಪಿಎಸ್‌ಐ ಆಗಿ ನೇರ ಸೇರಿದವರು ಅಷ್ಟೇ ಕಾಲದಲ್ಲಿ ಡಿವೈಎಸ್ಪಿ ಆಗುತ್ತಾರೆ, ಕೆಲವರು ಅದರಾಚೆಗೂ ಹೋಗುತ್ತಾರೆ. ಇಬ್ಬರೂ ಒಂದೇ ಕೋಚಿಂಗ್ ಸೆಂಟರ್‌ನಲ್ಲಿ ಪಕ್ಕಪಕ್ಕ ಕೂತಿದ್ದವರಾಗಿರಬಹುದು. ಸೇವೆಯಲ್ಲಿದ್ದುಕೊಂಡೇ ಪಿಎಸ್‌ಐ ಪರೀಕ್ಷೆ ಬರೆಯಲು ಕಾನ್ಸ್‌ಟೆಬಲ್‌ಗಳಿಗೆ ಅವಕಾಶ ಇದೆ. ಓದಲು ಹೊತ್ತು ಎಲ್ಲಿದೆ ಅಂತ ಮೇಲಿನ ಅಪಘಾತದ ಕಥೆಯನ್ನೇ ಕೇಳಬೇಕು.

ಕಾನ್ಸ್‌ಟೆಬಲ್‌ಗಳ ನೇಮಕಾತಿ, ಜ್ಯೇಷ್ಠತೆ ಎಲ್ಲ ಜಿಲ್ಲೆಯ ಲೆಕ್ಕದಲ್ಲಿ. ಬೇರೆ ಜಿಲ್ಲೆಗೆ ವರ್ಗ ತೆಗೆದುಕೊಂಡರೆ ಜ್ಯೇಷ್ಠತೆ ಹೋಗಿ ಪಟ್ಟಿಯ ಕೊನೆಗೆ ಬೀಳುತ್ತಾರೆ. ಹಾಗಾಗಿ ಗಂಡ ತುಮಕೂರಿನಲ್ಲಿ, ಹೆಂಡತಿ ಕೋಲಾರದಲ್ಲಿ ಇರುವ ಪೊಲೀಸ್ ದಂಪತಿಗೆ ಮನೆ ಅಂದರೆ ರೈಲು, ಬಸ್ಸು. ಬೆಂಗಳೂರಿನಲ್ಲಿ ಕೆಲಸ, ಮನೆ ತುಮಕೂರಿನಲ್ಲಿ ಅನ್ನುವವರಂತೂ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ.

ಇದನ್ನೆಲ್ಲ ಗಟ್ಟಿಯಾಗಿ ಹೇಳಲು ಅವರಿಗೆ ಸಂಘವಿಲ್ಲ. 1966ರ ಒಂದು ಕೇಂದ್ರ ಕಾಯ್ದೆ ಪೊಲೀಸರು ಸಂಘಟನೆ ಕಟ್ಟುವುದಕ್ಕೆ, ಮಾಧ್ಯಮದ ಜೊತೆ ಮಾತಾಡುವುದಕ್ಕೆ ಕಡಿವಾಣ ಹಾಕಿದೆ. 2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆ ಅಂತ ದೊಡ್ಡ ಸುದ್ದಿಯಾಯಿತು. ಸರ್ಕಾರ ಎಸ್ಮಾ (ಮುಷ್ಕರ ತಡೆಯುವ ಕಾಯ್ದೆ) ಹಾಕಿತು, ಮುಂದೆ ನಿಂತವರ ಬಂಧನವಾಯಿತು, ಆ ದಿನ ಸಪ್ಪಗೆ ಕಳೆಯಿತು. ಆದರೆ ಅದರ ಬಿಸಿ ತಟ್ಟಿತು. ಆ ವರ್ಷವೇ ಪೊಲೀಸರ ಸಂಬಳದ ಬಗ್ಗೆ ರಾಘವೇಂದ್ರ ಔರಾದ್ಕರ್ ಸಮಿತಿ ವರದಿ ಕೊಟ್ಟಿತು. 2019ರ ಆಗಸ್ಟ್‌ನಿಂದ ಕಾನ್ಸ್‌ಟೆಬಲ್ ಮೂಲ ವೇತನ 23,500 ರೂಪಾಯಿಯಿಂದ ಶುರುವಾಯಿತು. 2024ರ ಆಗಸ್ಟ್‌ನಲ್ಲಿ 7ನೇ ವೇತನ ಆಯೋಗದಿಂದ ಇನ್ನಷ್ಟು ಏರಿತು. ಸಂಬಳದ ಮಟ್ಟಿಗೆ ಮೊದಲಿನ ಗೋಳಿಲ್ಲ. ಚಿಕಿತ್ಸೆಗೆ ಆರೋಗ್ಯ ಭಾಗ್ಯ ಇದೆ, ಕ್ವಾರ್ಟರ್ಸ್‌ಗಳೂ ಏಳುತ್ತಿವೆ. 2025ರ ಅಕ್ಟೋಬರ್‌ನಲ್ಲಿ ಹಳೇ ಸ್ಲೋಚ್ ಟೋಪಿ ಹೋಗಿ ಕಡುನೀಲಿ ಪೀಕ್ ಕ್ಯಾಪ್ ಬಂತು. ಬಿಸಿಲಲ್ಲಿ ಓಡುವಾಗ ಬೀಳದ ಟೋಪಿ, ಸಣ್ಣದೇನಲ್ಲ. ಸಿಗದೇ ಇರುವುದು ಹೊತ್ತು ಒಂದೇ.

ಪಿಎಸ್‌ಐ, ಇನ್‌ಸ್ಪೆಕ್ಟರ್‌ಗಳ ಕಷ್ಟ ಬೇರೆ. ಅವರಿಗೆ ಏಣಿ ಉದ್ದ, ಆದರೆ ಕುರ್ಚಿ ಅಲ್ಲಾಡುತ್ತಲೇ ಇರುತ್ತದೆ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಕೊಡಿ ಅಂತ ಸುಪ್ರೀಂ ಕೋರ್ಟ್ 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲೇ ಹೇಳಿತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಎಲ್ಲ ಕೇಂದ್ರ ವಲಯಕ್ಕೆ ಸೇರಿವೆ. ವಲಯದೊಳಗೆ ಪಿಎಸ್‌ಐಗಳು ಸುತ್ತುತ್ತಲೇ ಇರುತ್ತಾರೆ. ವರ್ಗಾವಣೆ ತೀರ್ಮಾನಿಸಲು ಕಾಗದದ ಮೇಲೆ ಮಂಡಳಿ ಇದೆ, ಆದರೆ ಶಾಸಕರ ಪತ್ರ ಇಲ್ಲದೆ ಒಳ್ಳೆಯ ಠಾಣೆ ಸಿಗುವುದಿಲ್ಲ ಅನ್ನುವುದು ಇಲಾಖೆಯಲ್ಲಿ ಗುಟ್ಟೇನೂ ಅಲ್ಲ. ಚುನಾವಣೆ ಬಂದರೆ ಆಯೋಗದ ನಿಯಮದಂತೆ ಇನ್ನೊಂದು ಸುತ್ತು ಎತ್ತಂಗಡಿ. ನಿಮ್ಮ ಕೇಸಿನ ತನಿಖಾಧಿಕಾರಿ ಮೂರು ಸಲ ಬದಲಾದರೆ ಮೂರು ಸಲ ಕಡತ ಮೊದಲಿನಿಂದ ಓದಬೇಕು. ಹಳಬರು ವರ್ಷಗಳಾದ ಮೇಲೆ ಸಾಕ್ಷಿ ಹೇಳಲು ದೂರದ ಠಾಣೆಯಿಂದ ಒಂದು ದಿನ ರಜೆ ಹಾಕಿದಂತೆ ಬಂದು ಹೋಗಬೇಕು. ವರ್ಗವಾದ, ನಿವೃತ್ತರಾದ ಅಧಿಕಾರಿಯ ಬದಲು ಈಗ ಆ ಹುದ್ದೆಯಲ್ಲಿರುವವರೇ ದಾಖಲೆ ನೋಡಿ ಸಾಕ್ಷಿ ಹೇಳಲು ಹೊಸ ಕಾನೂನು ದಾರಿ ಮಾಡಿದೆ. ಇದು ಸರಿಯಾಗಿ ಬಳಕೆಗೆ ಬಂದರೆ ಎಷ್ಟೋ ದಿನ ಉಳಿಯುತ್ತದೆ.

ಕಮಿಷನರ್ ಬಂದರೆ ಸರಿಹೋಗುತ್ತಾ?

ತುಮಕೂರು ಮಹಾನಗರ ಪಾಲಿಕೆ ಆಗಿ, ಸ್ಮಾರ್ಟ್ ಸಿಟಿ ಆಗಿ, ಮಾದಾವರದಿಂದ ಮೆಟ್ರೋ ಬರುತ್ತದೆ ಅನ್ನುವ ಮಾತೂ ಆಗಿ, ಇಲ್ಲಿಗೂ ಪೊಲೀಸ್ ಕಮಿಷನರ್ ಬೇಕು ಅನ್ನುವವರಿದ್ದಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಗೆ ಇದೆಯಲ್ಲ, ನಮಗೂ ಬೇಕು ಅನ್ನುವ ವಾದ. 2011ರ ಜನಗಣತಿಯಲ್ಲೇ ನಗರದ ಜನಸಂಖ್ಯೆ 3 ಲಕ್ಷ ದಾಟಿತ್ತು. ಆಮೇಲೆ ವಸಂತನರಸಾಪುರದ ಕೈಗಾರಿಕೆ, ಗುಬ್ಬಿ ಪಕ್ಕದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎಲ್ಲ ಬಂದವು.

ಕಮಿಷನರೇಟ್‌ನಲ್ಲಿ ನಿಷೇಧಾಜ್ಞೆ, ಗಡಿಪಾರಿನಂಥ ಅಧಿಕಾರಕ್ಕೆ ಡಿಸಿ, ಎಸಿ ಕಚೇರಿಗೆ ಕಡತ ಕಳಿಸಬೇಕಿಲ್ಲ, ಪೊಲೀಸರೇ ತೀರ್ಮಾನಿಸಬಹುದು. ಅದರಿಂದ ಒಂದಷ್ಟು ಅನುಕೂಲ ಇದೆ. ಆದರೆ ಮೇಲೆ ಹೊಸ ಕುರ್ಚಿಗಳು ಬಂದರೆ ಅವುಗಳ ಜೊತೆ ಕಚೇರಿ, ಗುಮಾಸ್ತಿಕೆ, ಚಾಲಕ ಎಲ್ಲ ಬೇಕು. ಅವರನ್ನು ತರುವುದು ಠಾಣೆಯಿಂದಲೇ. ಹೊಸ ನೇಮಕಾತಿ ಇಲ್ಲದೆ ಕಮಿಷನರೇಟ್ ಮಾಡಿದರೆ ಶೆಟ್ಟಿಹಳ್ಳಿಯ ಬೀಟ್‌ಗೆ ಇನ್ನೊಬ್ಬ ಕಡಿಮೆಯಾಗುತ್ತಾನೆ ಅಷ್ಟೇ.

ಪೊಲೀಸ್ ರಚನೆ ಅನ್ನುವುದು ಜನಸಂಖ್ಯೆ ನೋಡಿ ಬೆಳೆಯುವುದಿಲ್ಲ ಅನ್ನುವುದಕ್ಕೆ ಪಕ್ಕದಲ್ಲೇ ಸಾಕ್ಷಿ ಇದೆ. ಕೋಲಾರ ಜಿಲ್ಲೆಯಲ್ಲಿ ಇಬ್ಬರು ಎಸ್ಪಿ. ಕೆಜಿಎಫ್‌ಗೆ ಬೇರೆಯೇ ಪೊಲೀಸ್ ಜಿಲ್ಲೆ, ಚಿನ್ನದ ಗಣಿಯ ಕಾಲದ ಬಳುವಳಿ. ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಎಸ್ಪಿ ಕಚೇರಿ ಮುಚ್ಚಲಿಲ್ಲ, ಮುಚ್ಚುವ ಅಥವಾ ಬೇರೆಡೆ ಸಾಗಿಸುವ ಮಾತು ಬಂದಾಗಲೆಲ್ಲ ಅಲ್ಲಿನವರು ಬಿಡುವುದಿಲ್ಲ. ಅವರದ್ದು ತಪ್ಪು ಅಂತಲೂ ಹೇಳಲಾಗದು, ಊರಿಗೆ ಉಳಿದದ್ದೇ ಅಷ್ಟು. ಇತ್ತ 10 ತಾಲ್ಲೂಕಿನ ತುಮಕೂರಿಗೆ ಒಬ್ಬರೇ ಎಸ್ಪಿ.

ನನ್ನ ಮಟ್ಟಿಗೆ ಕಮಿಷನರ್‌ಗಿಂತ ಮೊದಲು ಆಗಬೇಕಾದ್ದು ತನಿಖೆ ಮತ್ತು ಬಂದೋಬಸ್ತ್ ಬೇರೆ ಮಾಡುವ ಕೆಲಸ. ಪ್ರಕಾಶ್ ಸಿಂಗ್ ತೀರ್ಪು ಇದನ್ನೂ ಹೇಳಿತ್ತು: 10 ಲಕ್ಷ ಅಥವಾ ಅದಕ್ಕೂ ಜಾಸ್ತಿ ಜನರಿರುವ ನಗರಗಳಲ್ಲಿ ಮೊದಲು, ನಂತರ ಸಣ್ಣ ನಗರಗಳಲ್ಲೂ. ನಮ್ಮಲ್ಲಿ ಕಾನೂನು ಸುವ್ಯವಸ್ಥೆಗೆ ಒಬ್ಬ ಪಿಎಸ್‌ಐ, ತನಿಖೆಗೆ ಒಬ್ಬ ಪಿಎಸ್‌ಐ ಅಂತ ಬೋರ್ಡಿನ ಮೇಲೆ ಹೆಸರು ಬರೆದಿರುತ್ತಾರೆ. ಗಣಪತಿ ಮೆರವಣಿಗೆಯ ದಿನ ಇಬ್ಬರೂ ಮೆರವಣಿಗೆಯಲ್ಲೇ. ಬಂದೋಬಸ್ತ್‌ಗೆ ಅಂತಲೇ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ), ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್ ಪಡೆ) ಇವೆ. ಅವುಗಳನ್ನು ಬಲಪಡಿಸಿ, ತನಿಖೆಯ ಪಿಎಸ್‌ಐ ಮತ್ತು ಅವರ ಜೊತೆಗಿನ ಕ್ರೈಂ ಸಿಬ್ಬಂದಿಯನ್ನು ಎಸ್ಪಿಯ ಲಿಖಿತ ಆದೇಶವಿಲ್ಲದೆ ಬಂದೋಬಸ್ತ್‌ಗೆ ಕಳಿಸಬಾರದು ಅಂತ ಮಾಡಿದರೆ ಸಾಕು. ಸಮನ್ಸನ್ನು ಮೊಬೈಲ್‌ಗೆ ಕಳಿಸಲು ಹೊಸ ಕಾನೂನು ಒಪ್ಪುತ್ತದೆ. ಅದನ್ನು ರೂಢಿಗೆ ತಂದರೆ ಪಾವಗಡಕ್ಕೆ ಬಸ್ ಹತ್ತುವ ಇಬ್ಬರು ಬೀಟ್‌ಗೆ ವಾಪಸ್ ಬರುತ್ತಾರೆ.

ಇದಕ್ಕೆ ಬೇಕಾದ ಲೆಕ್ಕ ಎಲ್ಲಿದೆ ಅಂತ ಹುಡುಕಬೇಕಾಗಿಲ್ಲ. ಯಾವ ಠಾಣೆಯ ಯಾರು, ಯಾವ ದಿನ, ಎಷ್ಟು ಹೊತ್ತು, ಯಾವ ಬಂದೋಬಸ್ತ್‌ಗೆ ಹೋದರು ಅನ್ನುವುದೆಲ್ಲ ಡ್ಯೂಟಿ ಪುಸ್ತಕ ಮತ್ತು ಠಾಣಾ ದಿನಚರಿಯಲ್ಲಿ ಬರೆದೇ ಇರುತ್ತದೆ. ತಿಂಗಳಿಗೊಮ್ಮೆ ಎಸ್ಪಿ ನಡೆಸುವ ಅಪರಾಧ ಪರಿಶೀಲನಾ ಸಭೆಯಲ್ಲಿ ಪ್ರತಿ ಠಾಣೆಯ ಬಾಕಿ ಕೇಸು ಎಷ್ಟು ಅಂತ ಕೇಳುತ್ತಾರೆ. ಅದೇ ಪಟ್ಟಿಯಲ್ಲಿ ಪಕ್ಕದ ಕಾಲಂ ಒಂದು ಹಾಕಿ, ಆ ತಿಂಗಳು ಆ ಠಾಣೆಯಿಂದ ಹೊರಗೆ ಹೋದ ಗಂಟೆಗಳನ್ನೂ ಬರೆಯಲಿ. ನಗರದ ಮಟ್ಟಿಗಾದರೂ ಈ ಲೆಕ್ಕವನ್ನು ಪಾಲಿಕೆ ಸದಸ್ಯರು, ಶಾಸಕರು, ಪತ್ರಕರ್ತರು ಕೇಳಿ ಪಡೆಯಬಹುದು. ಶಾಸಕರು ಕೇಳುವಾಗ ತಮ್ಮ ಕಾರ್ಯಕ್ರಮಗಳ ಗಂಟೆಗಳೂ ಅದರಲ್ಲಿ ಬರುತ್ತವೆ, ಅದಕ್ಕೆ ತಯಾರಿರಬೇಕು.